ಒಂದೇ ತವರು, ಬೇರೆ ಬೇರೆ ಅದೃಷ್ಟ



ಅಡಿಗೆ, ಹೊಲಿಗೆ, ಮಕ್ಕಳ ನೆಗಡಿ-ಕೆಮ್ಮಿನ ನಡುವೆ ಕಾರಿನ ಮಾತೇಕೆ ಅಂತ ಮೂಗು ಮುರಿಯಬೇಡಿ. ಈ ಸಲ ಬಂದ ಕಾಗದಗಳಲ್ಲಿ ಮೂರು ಕಾರಿನ ಬಗ್ಗೆಯೇ ಇವೆ. ಮನೆ ಕಟ್ಟುವುದು, ಮದುವೆ ಮಾಡುವುದು ಬಿಟ್ಟರೆ ಸಂಸಾರಕ್ಕೆ ಅದೇ ದೊಡ್ಡ ಖರ್ಚಲ್ಲವೇ? ಚೀಟಿ ಎತ್ತಿದ ದುಡ್ಡು, ಶುಂಠಿ ಮಾರಿದ ದುಡ್ಡು, ಕೆಲವರ ಮನೆಯಲ್ಲಿ ಬಳೆ ಅಡವಿಟ್ಟ ದುಡ್ಡೂ ಅದರೊಳಕ್ಕೇ ಹೋಗುತ್ತೆ. ಯಜಮಾನರು ವ್ಯವಹಾರ ಮಾತಾಡುವಾಗ ನಾವು ಬರೀ ಬಣ್ಣ ಆರಿಸಿಕೊಂಡು ಕೂತರೆ ಆಗದು.

ಮೊದಲ ಕಾಗದ ಹೊಳೆನರಸೀಪುರದ ಸೋದರಿಯದು. "ನಮ್ಮನೆಯವರು ಹುಂಡೈ ಅಂತಾರೆ, ಮಗ ಕಿಯಾ ಅಂತಾನೆ. ಎರಡೂ ಒಂದೇ ಕಂಪನಿಯದಂತೆ. ಹಾಗಾದರೆ ಯಾವುದು ತೊಗೊಂಡರೂ ಒಂದೇ ತಾನೇ?"

ತವರು ಒಂದೇ ಅನ್ನುವುದು ನಿಜ, ತಾಯಿ. ಕೊರಿಯಾ ದೇಶದಲ್ಲಿ ಕಿಯಾ ಹುಟ್ಟಿದ್ದು 1944ರಲ್ಲಿ. ಮೊದಮೊದಲು ಸೈಕಲ್ಲಿನ ಬಿಡಿಭಾಗ ಮಾಡುತ್ತಿತ್ತು. ಹುಂಡೈ ಮೋಟಾರ್ ಶುರುವಾದದ್ದು 1967ರಲ್ಲಿ. ಕಿಯಾ 1997ರಲ್ಲಿ ದಿವಾಳಿಯಾದಾಗ, ಮರುವರ್ಷ ಹುಂಡೈಯೇ ಅದನ್ನು ಕೈಗೆ ತೆಗೆದುಕೊಂಡಿತು. ನಮ್ಮ ದೇಶಕ್ಕೆ ಬರುವಾಗ ಮಾತ್ರ ಸರದಿ ತಿರುಗುಮುರುಗಾಯಿತು. ಹುಂಡೈ 1998ರಲ್ಲೇ ಸ್ಯಾಂಟ್ರೊ ಕಾರಿನೊಂದಿಗೆ ಚೆನ್ನೈ ಹತ್ತಿರ ನೆಲೆ ಊರಿ ಇಲ್ಲಿಯ ಹಿರಿಸೊಸೆಯಾಯಿತು. ಕಿಯಾ ಬಂದದ್ದು 2019ರಲ್ಲಿ. ಅದರ ಕಾರ್ಖಾನೆ ನಮ್ಮ ಗಡಿಯಾಚೆಯ ಪೆನುಕೊಂಡೆ ಹತ್ತಿರ. ವಿಜಯನಗರದ ಅರಸರು ತಾಳಿಕೋಟೆ ಯುದ್ಧದ ಮೇಲೆ ರಾಜಧಾನಿ ಮಾಡಿಕೊಂಡಿದ್ದ ಪೆನುಕೊಂಡೆಯೇ ಅದು.

ಒಂದೇ ರುಬ್ಬಿದ ಹಿಟ್ಟಿನಲ್ಲಿ ನಾವು ಇಡ್ಲಿಯನ್ನೂ ಮಾಡುತ್ತೇವೆ, ದೋಸೆಯನ್ನೂ ಹುಯ್ಯುತ್ತೇವೆ. ಇವೂ ಹಾಗೆಯೇ. ಹುಂಡೈಯ ಕ್ರೆಟಾ, ಕಿಯಾದ ಸೆಲ್ಟೋಸ್. ಹುಂಡೈಯ ವೆನ್ಯೂ, ಕಿಯಾದ ಸೋನೆಟ್ - ಈ ಜೋಡಿಗಳಲ್ಲಿ ಎಂಜಿನ್ ಮುಂತಾದ ಒಳಗಿನ ಸಾಮಾನು ಹೆಚ್ಚುಕಡಿಮೆ ಹಂಚಿಕೊಂಡದ್ದು. ಮುಖ ಬೇರೆ, ಅಲಂಕಾರ ಬೇರೆ, ಅಂಗಡಿ ಬೇರೆ. ಆದರೆ ವ್ಯಾಪಾರದ ಅದೃಷ್ಟ ನೋಡಿ. 2024ರಲ್ಲಿ ಹುಂಡೈ ನಮ್ಮ ದೇಶದಲ್ಲಿ 6 ಲಕ್ಷಕ್ಕೂ ಮಿಕ್ಕಿ ಕಾರು ಮಾರಿದರೆ, ಕಿಯಾ ಸುಮಾರು ಎರಡೂವರೆ ಲಕ್ಷ ಮಾರಿತು. ಕ್ರೆಟಾ ಒಂದೇ 1 ಲಕ್ಷ 86 ಸಾವಿರ ಹೋಯಿತು. ಅದರ ತಂಗಿ ಸೆಲ್ಟೋಸ್ ಅರ್ಧವನ್ನೂ ಮುಟ್ಟಲಿಲ್ಲ. ಹಿರಿಯಳಿಗೆ ಇಪ್ಪತ್ತು ವರ್ಷದ ಪರಿಚಯ, ಸಣ್ಣಪುಟ್ಟ ಊರಲ್ಲೂ ವರ್ಕ್‌ಶಾಪು, ಕಡಿಮೆ ಬೆಲೆಯ ಚಿಕ್ಕ ಕಾರುಗಳು ಇದ್ದವು. ಕಿರಿಯಳು ಚಿಕ್ಕ ಕಾರಿನ ತಂಟೆಗೇ ಹೋಗದೆ ಎತ್ತರದ ಕಾರು, ದೊಡ್ಡ ಸಂಸಾರದ ಕಾರುಗಳನ್ನೇ ನೆಚ್ಚಿಕೊಂಡಳು. ಹಾಗಿದ್ದೂ ಐದೇ ವರ್ಷದಲ್ಲಿ ಎರಡೂವರೆ ಲಕ್ಷ ಅಂದರೆ ಸಾಮಾನ್ಯವಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. 2024ರ ಅಕ್ಟೋಬರಿನಲ್ಲಿ ಹುಂಡೈ ಇಲ್ಲಿ ತನ್ನ ಷೇರುಗಳನ್ನು ಜನರಿಗೆ ಮಾರಿತು. ಆಗ ಕೊಟ್ಟ ವಿವರಪತ್ರದಲ್ಲಿ, ಕಿಯಾ ಕೂಡ ನಮ್ಮದೇ ವ್ಯಾಪಾರದಲ್ಲಿದೆ, ಅದರಿಂದ ನಮ್ಮ ಹಿತಕ್ಕೆ ತೊಡಕಾಗಬಹುದು ಅಂತ ಎಚ್ಚರಿಕೆ ಬರೆದಿತ್ತು. ಒಂದೇ ತವರಿನವರಾದರೂ ಒಲೆ ಬೇರೆ, ಲೆಕ್ಕ ಬೇರೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಹೊಳೆನರಸೀಪುರದ ಸೋದರಿಗೆ ನಾನು ಹೇಳುವುದಿಷ್ಟೆ: ಎರಡೂ ಚೆನ್ನಾಗಿ ಬಾಳುತ್ತಿರುವ ಮಕ್ಕಳೇ. ಎರಡೂ ಷೋರೂಮಿಗೆ ಹೋಗಿ, ರಸ್ತೆ ತೆರಿಗೆ, ವಿಮೆ ಎಲ್ಲ ಸೇರಿಸಿ ಬೆಲೆ ಬರೆಸಿಕೊಂಡು ಬನ್ನಿ. ಅಪ್ಪ-ಮಗನ ಜಗಳ ಕಾಗದದ ಮೇಲೆ ತೀರಲಿ.

ಎರಡನೆಯ ಕಾಗದ ಚನ್ನರಾಯಪಟ್ಟಣದಿಂದ. "ಸ್ಕೋಡಾ ಎಲ್ಲೂ ಕಾಣ್ತಾ ಇರಲಿಲ್ಲ, ಈಗ ಇದ್ದಕ್ಕಿದ್ದಂತೆ ಎಲ್ಲರೂ ಅದರ ಮಾತೇ ಆಡ್ತಾರೆ. ಏನಾಯ್ತು?"

ಜರ್ಮನಿಯ ಫೋಕ್ಸ್‌ವ್ಯಾಗನ್ನಿನ ಮನೆಯ ಇನ್ನೊಬ್ಬಳು ಮಗಳು ಈ ಸ್ಕೋಡಾ. ನಮ್ಮಲ್ಲಿಗೆ ಬಂದದ್ದು 2001ರಲ್ಲಿ. ಬಹಳ ಕಾಲ ಅದು ಸಿರಿವಂತರ ಕಾರು ಅನ್ನುವ ಹೆಸರು ಹೊತ್ತು ಮೂಲೆಯಲ್ಲೇ ಇತ್ತು. 2021ರಲ್ಲಿ ಸ್ಕೋಡಾದ ಕುಶಾಕ್, ಫೋಕ್ಸ್‌ವ್ಯಾಗನ್ನಿನ ಟೈಗುನ್ ಎರಡೂ ಪುಣೆ ಹತ್ತಿರದ ಚಾಕಣ ಕಾರ್ಖಾನೆಯಿಂದಲೇ ಹೊರಬಂದವು; ಅವಳಿ ಮಕ್ಕಳು ಅನ್ನಬಹುದು. ಆಮೇಲೆ ಸ್ಕೋಡಾ ಜಾಣತನ ಮಾಡಿತು. ನಾಲ್ಕು ಮೀಟರಿಗಿಂತ ಉದ್ದ ಕಡಿಮೆಯಿರುವ, ಎಂಜಿನ್ನೂ ಚಿಕ್ಕದಿರುವ ಕಾರಿಗೆ ನಮ್ಮ ದೇಶದಲ್ಲಿ ತೆರಿಗೆ ಕಡಿಮೆ. ಆ ಅಳತೆಗೆ ಹೊಂದಿಸಿ ಕೈಲಾಕ್ ಅನ್ನುವ ಕಾರು ಮಾಡಿ, 7 ಲಕ್ಷ 89 ಸಾವಿರದಿಂದ ಬೆಲೆ ಇಟ್ಟು, 2025ರ ಜನವರಿಯಿಂದ ಕೊಡತೊಡಗಿತು. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿಗೆ ಜಿಎಸ್‌ಟಿ ನೂರಕ್ಕೆ 18, ದೊಡ್ಡದಕ್ಕೆ ನೂರಕ್ಕೆ 40. ಎಷ್ಟು ಅಂತರ ನೋಡಿ!

ಆ ಒಂದು ಕಾರಿನಿಂದ 2025ರಲ್ಲಿ ಸ್ಕೋಡಾ ವ್ಯಾಪಾರ ಹಿಂದಿನ ವರ್ಷದ ಎರಡರಷ್ಟಾಯಿತು. ತವರಿನ ಹೆಸರನ್ನೇ ಹೊತ್ತ ಫೋಕ್ಸ್‌ವ್ಯಾಗನ್ ತನ್ನ ಚಿಕ್ಕ ಪೋಲೊ ಕಾರನ್ನು 2022ರಲ್ಲೇ ನಿಲ್ಲಿಸಿತ್ತು, ಬದಲಿಗೆ ಚಿಕ್ಕದೊಂದನ್ನು ಆ ವರ್ಷವೂ ತರಲಿಲ್ಲ, ಹಿಂದೆ ಬಿತ್ತು. ಅಂದ ಹಾಗೆ, ಕೈಲಾಕ್ ಹೆಸರು ಸ್ಫಟಿಕ ಅನ್ನುವ ಅರ್ಥದ ಸಂಸ್ಕೃತ ಪದದಿಂದ ಬಂದದ್ದಂತೆ. ಕಂಪನಿ ಜನರನ್ನೇ ಹೆಸರು ಕೇಳಿದಾಗ ಇದನ್ನು ಸೂಚಿಸಿ ಕಾರನ್ನೇ ಬಹುಮಾನ ಗೆದ್ದವರು ನಮ್ಮ ಕಾಸರಗೋಡಿನವರು!

ಮೂರನೆಯದು ಅರಕಲಗೂಡಿನ ಸೋದರಿಯ ಕಾಗದ. ಓದಿ ನನಗೆ ಸ್ವಲ್ಪ ಯೋಚನೆಯೇ ಆಯಿತು. "ಹಳೆಯ ಡಾಟ್ಸನ್ ಗೋ ಕಾರು ಬಹಳ ಅಗ್ಗಕ್ಕೆ ಬರ್ತಾ ಇದೆ. ನಿಸಾನ್ ಅಂಥ ದೊಡ್ಡ ಕಂಪನಿಯದೇ ಅಂತೆ. ಮಕ್ಕಳನ್ನ ಸ್ಕೂಲಿಗೆ ಬಿಡೋಕೆ, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗೋಕೆ ಸಾಕು. ತೊಗೊಳ್ಳಲೇ?"

ಡಾಟ್ಸನ್ ಜಪಾನಿನ ನಿಸಾನ್ ಮನೆಯ ಮಗಳು. 1980ರ ದಶಕದಲ್ಲಿ ಕೈಬಿಟ್ಟಿದ್ದ ಆ ಹೆಸರನ್ನು ಮತ್ತೆ ಎಬ್ಬಿಸಿ, 2014ರ ಮಾರ್ಚಿನಲ್ಲಿ 3 ಲಕ್ಷ 12 ಸಾವಿರದ ಬೆಲೆಗೆ ಗೋ ಕಾರನ್ನು ಇಲ್ಲಿ ಬಿಟ್ಟರು. ಅದೇ ವರ್ಷ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಸಂಸ್ಥೆ ಅದನ್ನು ಢಿಕ್ಕಿ ಹೊಡೆಸಿ ಪರೀಕ್ಷೆ ಮಾಡಿತು. ಆಗಿನ ಆ ಕಾರಿನಲ್ಲಿ ಗಾಳಿಚೀಲವಿರಲಿಲ್ಲ. ದೊಡ್ಡವರ ರಕ್ಷಣೆಗೆ ಸಿಕ್ಕಿದ ನಕ್ಷತ್ರ ಸೊನ್ನೆ. ಅಗ್ಗ ಅನ್ನುವುದೊಂದೇ ಗುಣವಾದರೆ ಜನ ಒಪ್ಪುವುದಿಲ್ಲ. ವ್ಯಾಪಾರ ಕುದುರಲಿಲ್ಲ, 2022ರಲ್ಲಿ ಡಾಟ್ಸನ್ ಹೆಸರನ್ನೇ ಮುಚ್ಚಿದರು. ನಿಸಾನಿನ ಕೈ ಹಿಡಿದದ್ದು 2020ರ ಡಿಸೆಂಬರಿನಲ್ಲಿ ಬಂದ ಮ್ಯಾಗ್ನೈಟ್.

ಇಲ್ಲೇ ನೋಡಿ ನಾವು ತಿಳಿಯಬೇಕಾದ ಮಾತು. ತವರು ಎಷ್ಟೇ ದೊಡ್ಡದಿರಲಿ, ವ್ಯಾಪಾರವಾಗದ ಮಗಳನ್ನು ತವರೇ ಕೈಬಿಡುತ್ತೆ. ಡಾಟ್ಸನ್ ಕೊಂಡವರಿಗೆ ಸರ್ವೀಸು, ಬಿಡಿಭಾಗ ಕೊಡುತ್ತೇವೆ ಅಂತ ನಿಸಾನ್ ಮಾತು ಕೊಟ್ಟಿದೆ, ನಿಜ. ಆದರೆ ನಿಂತುಹೋದ ಕಾರನ್ನು ನಾಳೆ ನೀವು ಮಾರಹೊರಟರೆ ಕೈಗೆ ಬರುವುದೆಷ್ಟು? ದುಡ್ಡಿನ ಮಾತು ಹಾಗಿರಲಿ. ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿಯುವ ಗಾಡಿ ಅದು. ಬೇಡ ತಾಯಿ. ಇನ್ನೊಂದು ವರ್ಷ ಚೀಟಿ ಕಟ್ಟಿ, ಗಾಳಿಚೀಲವಿರುವ, ಪರೀಕ್ಷೆಯಲ್ಲಿ ಗೆದ್ದ ಕಾರನ್ನೇ ನೋಡಿ. ಅಲ್ಲಿಯ ತನಕ ಬಸ್ಸಿದೆ.

ಕಾರು ನೋಡಲು ಹೊರಟವರು ಇಷ್ಟು ನೆನಪಿಟ್ಟುಕೊಳ್ಳಿ:

ತಾಯಿ ಕಂಪನಿಯ ಹೆಸರಿಗೆ ಮರುಳಾಗಬೇಡಿ. ನೀವು ಕೊಳ್ಳುವ ಆ ಕಾರೇ ಚೆನ್ನಾಗಿ ಹೋಗುತ್ತಿದೆಯೇ ಕೇಳಿ. ಸಂತೆಗೆ ಹೋದಾಗ ಕೆಎ-13 ನಂಬರಿನ ಅಂಥ ಕಾರು ಎಷ್ಟು ಕಾಣುತ್ತವೆ, ಎಣಿಸಿ.

ವರ್ಕ್‌ಶಾಪ್ ಎಲ್ಲಿದೆ? ನಿಮ್ಮೂರಲ್ಲೋ, ಹಾಸನದಲ್ಲೋ, ಇಲ್ಲಾ ಮೈಸೂರಿಗೇ ಒಯ್ಯಬೇಕೋ? ಪ್ರತಿ ಸರ್ವೀಸಿಗೂ ಒಂದು ದಿನ ಹಾಳಾದರೆ ಅದೂ ಖರ್ಚೇ.

ಮುಂದಿನ ಬಂಪರು, ಪಕ್ಕದ ಕನ್ನಡಿ, ದೀಪ - ಇವುಗಳ ಬೆಲೆ ಮೊದಲೇ ಕೇಳಿ. ಅವಳಿ ಕಾರುಗಳಲ್ಲೂ ಇವು ಬೇರೆ ಬೇರೆ.

ಭಾರತ್ ಎನ್‌ಕ್ಯಾಪ್ ಅಂತ ನಮ್ಮ ಸರ್ಕಾರದ್ದೇ ಪರೀಕ್ಷೆ 2023ರ ಅಕ್ಟೋಬರಿನಿಂದ ಇದೆ. ದೊಡ್ಡವರಿಗೆಷ್ಟು ನಕ್ಷತ್ರ, ಮಕ್ಕಳಿಗೆಷ್ಟು ಅಂತ ಎರಡನ್ನೂ ಕೇಳಿ.

ಸೀರೆ ಕೊಳ್ಳುವಾಗ ಸೆರಗು ಮಗುಚಿ ಹಿಂಬದಿಯ ನೇಯ್ಗೆ ನೋಡುವ ಕಣ್ಣು ನಮ್ಮದು. ಅದೇ ಕಣ್ಣಿಂದ ಕಾರನ್ನೂ ನೋಡಿ. ಸಂಕೋಚ ಬೇಡ, ದುಡ್ಡು ನಮ್ಮದೂ ಹೌದು.