ಕಡಲ ಮಟ್ಟಕ್ಕಿಂತ ಕೆಳಗೊಂದು ರಾಜಧಾನಿ

ಕ್ರಿಕೆಟ್ ಬಲ್ಲವರಿಗೆ ಗಯಾನಾ ಹೊಸ ಹೆಸರಲ್ಲ. ರೋಹನ್ ಕನ್ಹಾಯ್, ಕಾಳೀಚರಣ್, ಕ್ಲೈವ್ ಲಾಯ್ಡ್, ಚಂದ್ರಪಾಲ್ ಎಲ್ಲರೂ ಅಲ್ಲಿಯವರೇ. ಆದರೆ ಭೂಪಟ ತೆಗೆದು ಆ ದೇಶವನ್ನು ತೋರಿಸು ಎಂದರೆ ಬಹುತೇಕ ಮಕ್ಕಳ ಬೆರಳು ವೆಸ್ಟ್ ಇಂಡೀಸ್ ದ್ವೀಪಗಳ ಸುತ್ತಲೇ ತಡಕಾಡುತ್ತದೆ. ಗಯಾನಾ ದ್ವೀಪವಲ್ಲ. ದಕ್ಷಿಣ ಅಮೆರಿಕ ಖಂಡದ ಉತ್ತರದ ಅಂಚಿನಲ್ಲಿ, ವೆನಿಜುವೆಲಾ, ಬ್ರೆಜಿಲ್, ಸುರಿನಾಮ್‌ಗಳ ನಡುವೆ ಅದು ಇದೆ. ಇಡೀ ಖಂಡದಲ್ಲಿ ಇಂಗ್ಲಿಷ್ ಅಧಿಕೃತ ಭಾಷೆಯಾಗಿರುವ ಸ್ವತಂತ್ರ ದೇಶ ಇದೊಂದೇ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ತುಸು ದೊಡ್ಡದು. ಜನಸಂಖ್ಯೆ ಮಾತ್ರ ಹೆಚ್ಚುಕಡಿಮೆ ಮೈಸೂರು ನಗರದಷ್ಟು!

ಕರಾವಳಿ ದೇಶವೆಂದ ಮೇಲೆ ಬಿಳಿ ಮರಳು, ನೀಲಿ ನೀರು ಇರಬೇಕಲ್ಲವೇ? ರಾಜಧಾನಿ ಜಾರ್ಜ್‌ಟೌನ್‌ನಲ್ಲಿ ಇಳಿದವರಿಗೆ ಮೊದಲ ನಿರಾಸೆ ಇಲ್ಲಿಯೇ. ಅಮೆಜಾನ್ ನದಿ ಹೊತ್ತು ತಂದ ಹೂಳನ್ನು ಸಮುದ್ರದ ಪ್ರವಾಹ ಈ ದಡಕ್ಕೆ ತಂದು ಸುರಿಯುತ್ತದೆ. ಹಾಗಾಗಿ ಕಡಲಿನ ಬಣ್ಣ ಚಹಾದಂತೆ ಕಂದು. ದಡದಲ್ಲಿ ಮರಳಿನ ಬದಲು ಕೆಸರು, ಅದರ ಹಿಂದೆ ಉದ್ದಕ್ಕೂ ಒಂದು ಗೋಡೆ. ಸಂಜೆ ಜನ ಗಾಳಿ ಸೇವನೆಗೆ ಬಂದು ಕೂರುವ ಈ ಗೋಡೆ ಇಲ್ಲದಿದ್ದರೆ ಊರೇ ಇರುವುದಿಲ್ಲ. ಭರತದ ವೇಳೆಯಲ್ಲಿ ಸಮುದ್ರದ ಮಟ್ಟ ಜಾರ್ಜ್‌ಟೌನ್‌ನ ನೆಲಕ್ಕಿಂತ ಮೇಲಿರುತ್ತದೆ.

ಊರಿನ ನೀರು ಹೊರಗೆ ಹೋಗುವುದು ಹೇಗೆ? ಡಚ್ಚರ ಕಾಲದಿಂದ ಬಂದ ‘ಕೋಕರ್’ ಎಂಬ ತೂಬಿನ ಬಾಗಿಲುಗಳಿಂದ. ಇಳಿತದ ಸಮಯದಲ್ಲಿ ಕಾವಲುಗಾರ ಬಾಗಿಲೆತ್ತುತ್ತಾನೆ, ಕಾಲುವೆಯ ನೀರು ಕಡಲಿಗೆ ಹರಿಯುತ್ತದೆ. ಭರತ ಏರುವ ಮೊದಲು ಬಾಗಿಲು ಇಳಿಸಬೇಕು. ಮರೆತರೆ ಕಡಲೇ ಊರೊಳಗೆ! 2005ರ ಜನವರಿಯಲ್ಲಿ ಭಾರಿ ಮಳೆ ಸುರಿದಾಗ ಈ ವ್ಯವಸ್ಥೆ ಸೋತಿತು. ದಿನಗಟ್ಟಲೆ ನಿಂತ ನೀರಿನಿಂದ ಇಲಿಜ್ವರ ಹರಡಿ ಜನ ಸತ್ತರು.

ಈ ಕಾಲುವೆಗಳನ್ನು ತೋಡಿದವರು ಯಾರು? ಆಫ್ರಿಕಾದಿಂದ ತಂದ ಗುಲಾಮರು. ಅವರು ಕೈಯಲ್ಲಿ ಗುದ್ದಲಿ ಹಿಡಿದು ಎತ್ತಿಹಾಕಿದ ಹಸಿ ಜೇಡಿಮಣ್ಣು ಕನಿಷ್ಠ 10 ಕೋಟಿ ಟನ್ ಎಂದು 1948ರಲ್ಲಿ ವೆನ್ ಆಯೋಗ ಲೆಕ್ಕ ಹಾಕಿತು. ಬಿಡುಗಡೆಯಾದ ಮರುವರ್ಷವೇ, 1839ರಲ್ಲಿ, ಅಂಥ 83 ಮಂದಿ ತಮ್ಮ ಉಳಿತಾಯವನ್ನು ಒಟ್ಟುಗೂಡಿಸಿ ಪಾಳುಬಿದ್ದ ತೋಟವೊಂದನ್ನು ಕೊಂಡರು. ನಾಣ್ಯಗಳನ್ನು ತಳ್ಳುಗಾಡಿಯಲ್ಲಿ ತುಂಬಿಕೊಂಡು ಹೋದರೆಂದು ಜನ ಇಂದಿಗೂ ಹೇಳುತ್ತಾರೆ. ಆ ಊರು ವಿಕ್ಟೋರಿಯಾ. ರಾಜಧಾನಿಯಿಂದ ಪೂರ್ವ ಕರಾವಳಿಯ ಮಿನಿಬಸ್ ಹತ್ತಿದರೆ ಅಲ್ಲಿಗೆ ಹೋಗಬಹುದು. ದಾರಿಯಲ್ಲಿ ಬರುವ ಊರುಗಳ ಹೆಸರು ಬೆಟರ್ ಹೋಪ್, ಸಕ್ಸೆಸ್, ಟ್ರಯಂಫ್, ಪ್ಯಾರಡೈಸ್! ತೋಟದ ಮಾಲೀಕರು ಇಟ್ಟ ಹೆಸರುಗಳಿವು. ಕೂಲಿಗಳಿಗೆ ಕಂಡ ಸ್ವರ್ಗ ಎಂಥದೋ.

ಗುಲಾಮರ ಜಾಗಕ್ಕೆ ಬಂದವರು ನಮ್ಮವರು. 1838ರ ಮೇ 5ರಂದು ‘ವಿಟ್ಬಿ’ ಮತ್ತು ‘ಹೆಸ್ಪೆರಸ್’ ಹಡಗುಗಳು ಭಾರತೀಯ ಕೂಲಿಗಳನ್ನು ಇಳಿಸಿದವು. 1917ರವರೆಗೆ ಹೀಗೆ ಬಂದವರು ಎರಡು ಲಕ್ಷಕ್ಕೂ ಹೆಚ್ಚು. ಇಂದು ದೇಶದ ಅತಿ ದೊಡ್ಡ ಜನವರ್ಗ ಅವರ ಸಂತತಿಯೇ. ಹೋಳಿಗೂ ದೀಪಾವಳಿಗೂ ಅಲ್ಲಿ ಸರ್ಕಾರಿ ರಜೆ. ಹೋಟೆಲಿನಲ್ಲಿ ರೊಟ್ಟಿಯೂ ಸಿಗುತ್ತದೆ. ಆದರೆ ಆಸೆಯಿಂದ ಹಿಂದಿಯಲ್ಲಿ ಮಾತನಾಡಿಸಿದರೆ ಬರುವ ಉತ್ತರ ಕ್ರಿಯೋಲ್ ಇಂಗ್ಲಿಷಿನಲ್ಲಿ. ‘ಪ್ರಸಾದ’ ಅಲ್ಲಿ ‘ಪರ್ಸಾಡ್’ ಆಗಿ ತಲೆಮಾರುಗಳೇ ಕಳೆದಿವೆ.

ಒಳನಾಡು ಬೇರೆಯೇ ಲೋಕ. ದೇಶದ ಬಹುಭಾಗ ಕಾಡು, ರಸ್ತೆಗಳು ವಿರಳ. ಕೈಯೆಟೂರ್ ಜಲಪಾತ ನೋಡಬೇಕಾದರೆ ಬಹುತೇಕರಿಗೆ ಪುಟ್ಟ ವಿಮಾನವೇ ಗತಿ. ಸಾಕಷ್ಟು ಪ್ರಯಾಣಿಕರು ಕೂಡದಿದ್ದರೆ ಅದೂ ಹಾರದು. 226 ಮೀಟರ್ ಎತ್ತರ, ನಮ್ಮ ಜೋಗಕ್ಕಿಂತ ಸ್ವಲ್ಪ ಕಡಿಮೆ. ಆದರೆ ಪೊಟಾರೊ ನದಿ ಇಡಿಯಾಗಿ ಒಂದೇ ಪರದೆಯಂತೆ ಧುಮುಕುತ್ತದೆ. ತುದಿಯಲ್ಲಿ ಕಂಬಿಬೇಲಿ ಇಲ್ಲ. ಚಹಾ ಅಂಗಡಿಯಂತೂ ಇಲ್ಲವೇ ಇಲ್ಲ. ನೆರೆಯ ವೆನಿಜುವೆಲಾಗೆ ನೇರ ರಸ್ತೆಯಿಲ್ಲ, ಬ್ರೆಜಿಲ್ ಸುತ್ತಿ ಹೋಗಬೇಕು. ಗಯಾನಾದ ಮೂರನೆಯ ಎರಡು ಭಾಗ ತನ್ನದೆಂದು ವೆನಿಜುವೆಲಾ ಹಕ್ಕು ಸಾಧಿಸುತ್ತಿದೆ. ಬ್ರೆಜಿಲ್ ಗಡಿಯ ತಕುಟು ಸೇತುವೆಯ ಬಳಿ ಇನ್ನೊಂದು ಮೋಜು: ಎಡಕ್ಕೆ ಚಲಿಸುತ್ತಿದ್ದ ವಾಹನಗಳು ಅಲ್ಲಿ ಒಂದರ ಕೆಳಗೊಂದು ನುಸುಳಿ ಬಲಕ್ಕೆ ಬದಲಾಗುತ್ತವೆ.

ವೈದ್ಯಕೀಯ ಓದಲೆಂದು ಅಲ್ಲಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳೂ ಇದ್ದಾರೆ. ಏಜೆಂಟರ ಮಾತು ಕೇಳಿ ಶುಲ್ಕ ಕಟ್ಟುವ ಮೊದಲು ಪೋಷಕರು ಭಾರತದ 2021ರ ನಿಯಮ ಓದುವುದು ಒಳ್ಳೆಯದು. ಓದು ಕನಿಷ್ಠ 54 ತಿಂಗಳಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ತರಬೇತಿ ಬೇರೆ. ಹಾಗೆಯೇ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಚೀಟಿ ಜೋಪಾನ. ಅದಿಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಿಂದ ಮನೆಗಲ್ಲ, ಪ್ರತ್ಯೇಕ ವಾಸಕ್ಕೆ ಹೋಗಬೇಕಾದೀತು.

2015ರಲ್ಲಿ ಕಡಲಾಳದಲ್ಲಿ ತೈಲ ಸಿಕ್ಕಿತು. 2019ರ ಡಿಸೆಂಬರ್‌ನಿಂದ ಅದನ್ನು ಎತ್ತಲಾಗುತ್ತಿದೆ. ಬಡ ದೇಶಕ್ಕೆ ದಿಢೀರನೆ ಹಣ ಬಂದಿದೆ. ಅಗ್ಗವೆಂದು ಹೋದ ಪ್ರವಾಸಿ ಜಾರ್ಜ್‌ಟೌನ್‌ನ ಹೋಟೆಲ್ ದರ ಕೇಳಿ ಬೆಚ್ಚುತ್ತಾನೆ. ಇತ್ತ ಭೂಮಿಯ ಕಾವು ಏರಿ ಸಮುದ್ರವೂ ಏರುತ್ತಿದೆ; ಆ ಕಾವಿಗೆ ತೈಲವೂ ಒಂದು ಕಾರಣ. ಸರ್ಕಾರ ಒಳನಾಡಿನ ಎತ್ತರದ ಮರಳು ನೆಲದಲ್ಲಿ ‘ಸಿಲಿಕಾ ಸಿಟಿ’ ಎಂಬ ಹೊಸ ನಗರ ಕಟ್ಟಿಸತೊಡಗಿದೆ. ಹಳೆಯ ರಾಜಧಾನಿಯಲ್ಲಿ ಕೋಕರ್ ಬಾಗಿಲುಗಳು ಈಗಲೂ ಭರತ ಇಳಿತದ ವೇಳಾಪಟ್ಟಿ ನೋಡಿಯೇ ಏಳುತ್ತವೆ, ಇಳಿಯುತ್ತವೆ.