ಹಾಡು ನಮ್ದು, ಹಕ್ಕು ಯಾರ್ದು?



ಮಾಲೂರು ಕಡೆ ಒಂದು ಊರಲ್ಲಿ ಅಂಬೇಡ್ಕರ್ ಜಯಂತಿ ದಿನ ನಮ್ಮ ಹುಡುಗರು ತಮಟೆ ಹಿಡಿದು ಹಾಡಿದ್ರು. ವಿಡಿಯೋ ಹಾಕಿದ ಮೂರೇ ದಿನಕ್ಕೆ ‘ಈ ಹಾಡಿನ ಹಕ್ಕು ನಮ್ಮದು’ ಅಂತ ಒಂದು ಕಂಪನಿಯಿಂದ ಕ್ಲೇಮ್ ಬಂತು. ಹಾಡು ಬರೆದ ಅಣ್ಣ ಅದೇ ವಿಡಿಯೋದಲ್ಲಿ ಮುಂದಿನ ಸಾಲಲ್ಲಿ ಕೂತಿದ್ದಾರೆ! ಕ್ಯಾಸೆಟ್ ಕಾಲದಲ್ಲಿ ಬಸ್ ಚಾರ್ಜು, ಊಟ, ಒಂದಷ್ಟು ಕ್ಯಾಸೆಟ್ ಕೊಟ್ಟು ಸೈನ್ ಹಾಕಿಸ್ಕೊಂಡಿದ್ರಂತೆ. ಆ ಕಾಗದದ ಕಾಪಿ ಅಣ್ಣನ ಹತ್ರ ಇಲ್ಲ.

ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅವರಂಥವರು ಹಾಡಿದ ಜಿಲ್ಲೆ ನಮ್ದು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕೇರಿಗಳಿಗೆ ಚಳವಳಿ ಮೊದಲು ಬಂದಿದ್ದೇ ಹಾಡಾಗಿ. ಈಗ ಹುಡುಗರು ಆಲ್ಬಂ ಬಿಡ್ತಿದ್ದಾರೆ, ಸಂತೋಷ. ಆದ್ರೆ ಬಿಡೋಕೆ ಮುಂಚೆ ಈ ಉದ್ಯಮದಲ್ಲಿ ಯಾರು ಯಾರ ಪರ ಅಂತ ತಿಳ್ಕೊಳ್ಳಿ.

ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ, ಅಂದ್ರೆ ಐಎಂಐ, 1936ರಲ್ಲಿ ಹುಟ್ಟಿದ ಸಂಘ. ಅದು ರೆಕಾರ್ಡಿಂಗ್ ಕಂಪನಿಗಳ ಸಂಘ, ಹಾಡುಗಾರರದ್ದಲ್ಲ. ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಅನ್ನೋ ನಂಬರ್ ಇರುತ್ತೆ. ನಮ್ಮ ದೇಶದಲ್ಲಿ ಅದನ್ನ ಕೊಡೋ ಏಜೆನ್ಸಿಯೂ ಐಎಂಐ. ಹಾಡಿನ ಲೆಕ್ಕ ನಡೆಯೋದು ಆ ನಂಬರ್ ಹಿಡಿದು. ನೀವೇ ದುಡ್ಡು ಹಾಕಿ ರೆಕಾರ್ಡ್ ಮಾಡಿದ್ರೆ ನಿಮ್ಮ ಹೆಸರಲ್ಲೇ ತಗೊಳ್ಳಿ.

ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿ ವಸೂಲಿ ಮಾಡೋದು 1969ರ ಐಪಿಆರ್‌ಎಸ್. ಅಲ್ಲೂ ಕಂಪನಿಗಳು ಸದಸ್ಯರೇ. ಆದ್ರೂ ನಮ್ಮವರು ಒಳಗಿರಬೇಕು. ಹೊರಗಿದ್ರೆ ಪಾಲು ಕೇಳೋರು ಯಾರು?

ಕಾನೂನೂ ನಮ್ಮ ಕೈಲಿದೆ. ಜಾವೇದ್ ಅಖ್ತರ್ ಅಂಥವರು ರಾಜ್ಯಸಭೆಯಲ್ಲಿ ದನಿ ಎತ್ತಿದ ಮೇಲೆ 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿ ಆಯ್ತು. ಬರೆದವರು, ರಾಗ ಹಾಕಿದವರು ಹಕ್ಕು ಬರೆದುಕೊಟ್ರೂ ರಾಯಲ್ಟಿಯ ಸಮಪಾಲು ಬಿಟ್ಟುಕೊಡೋಕೆ ಆಗಲ್ಲ. ಅಗ್ರಿಮೆಂಟಲ್ಲಿ ಎಷ್ಟು ವರ್ಷ ಅಂತ ಬರೆದಿಲ್ಲ ಅಂದ್ರೆ 5 ವರ್ಷ ಮಾತ್ರ. ಯಾವ ಪ್ರದೇಶ ಅಂತ ಇಲ್ಲ ಅಂದ್ರೆ ಭಾರತ ಮಾತ್ರ. ಹಕ್ಕು ಮಾರಿದ್ರೂ ‘ಬರೆದವನು ನಾನು’ ಅಂತ ಹೆಸರು ಕೇಳೋ ಹಕ್ಕು ಉಳಿಯುತ್ತೆ.

ಅದಕ್ಕೇ ಆ ಅಣ್ಣನ ಕಾಗದದ ಕಾಪಿ ಕಂಪನಿಯಿಂದ ಲಿಖಿತವಾಗಿ ಕೇಳ್ತಿದ್ದೀವಿ. ಅವಧಿ ಬರೆದಿಲ್ಲ ಅಂದ್ರೆ ಹಾಡು ವಾಪಸ್ ಬಂದಿರಲೂಬಹುದು.

‘ನಮ್ಮದು ಹೋರಾಟದ ಹಾಡು, ದುಡ್ಡು ಯಾಕೆ’ ಅನ್ನೋ ಸಂಗಾತಿಗಳೇ, ಜನ ಹಾಡಲಿ, ಅದಕ್ಕೆ ಕಾಸು ಬೇಡ. ಆದ್ರೆ ಬೀಗ ಇನ್ನೊಬ್ಬರ ಕೈಲಿದ್ರೆ ನಮ್ಮ ಕೇರಿಯಲ್ಲೇ ನಮ್ಮ ಹಾಡು ಹಾಡೋಕೆ ಆಗಲ್ಲ.

ತಾತಂದಿರು ಹೆಬ್ಬೆಟ್ಟು ಒತ್ತಿ ಜಮೀನು ಕಳ್ಕೊಂಡ್ರು. ಪಿಟಿಸಿಎಲ್ ಕೇಸು ಹಿಡ್ಕೊಂಡು ಇವತ್ತಿಗೂ ಅಲೀತಿದ್ದೀವಿ. ಓದಿದ ನಾವು ಸೈನ್ ಹಾಕಿ ಹಾಡು ಕಳ್ಕೊಳ್ಳೋದು ಬೇಡ. ಓದಿ ಸೈನ್ ಹಾಕಿ, ಕಾಪಿ ಇಸ್ಕೊಳ್ಳಿ.

ಜೈಭೀಮ್.