ಒಣಗಿಸಿದವರು ಎಲ್ಲಿ?

ಒಣಗಿದ ಎಳ್ಳುಗಿಡ, ಪಕ್ಕದಲ್ಲೊಂದು ಹಿತ್ತಾಳೆ ಚೊಂಬು, ಹಿಂದೆ ಕತ್ತಲೆ. ಇಂಥ ಫೋಟೋಗಳಿಗೆ ಚೌಕಟ್ಟು ಹಾಕಿ 'ಮೌನ' ಎಂದು ಹೆಸರಿಡುತ್ತಾರೆ. ನೋಡಿದವರು 'ಆಹಾ, ಏನು ವಾತಾವರಣ!' ಅಂತಾರೆ. ನಾವು ಕೇಳ್ತೀವಿ: ಆ ಗಿಡ ಕೊಯ್ದವರು ಎಲ್ಲಿ?

ಎಳ್ಳು ಸುಮ್ಮನೆ ಒಣಗುವುದಿಲ್ಲ. ಕಾಯಿ ಬಾಯಿ ಬಿಡುವ ಮೊದಲೇ ಕೊಯ್ಯಬೇಕು. ಕಟ್ಟು ಕಟ್ಟಿ ನೆಟ್ಟಗೆ ನಿಲ್ಲಿಸಿ ಬಿಸಿಲಿಗೆ ಬಿಡಬೇಕು. ಆಮೇಲೆ ಬಟ್ಟೆಯ ಮೇಲೆ ತಲೆಕೆಳಗು ಮಾಡಿ ಕೊಡವಬೇಕು. ಚಿತ್ರದಲ್ಲಿ ಬಾಯ್ತೆರೆದು ನಿಂತ ಆ ಕಾಯಿ ಮೌನವಲ್ಲ ಸ್ವಾಮಿ, ಕೂಲಿ ಮುಗಿದ ಗುರುತು. ಎಳ್ಳು ಧಣಿಯ ಮನೆಗೆ ಹೋಯಿತು, ಕಡ್ಡಿ ನಮ್ಮ ಒಲೆಗೆ ಬಂತು. ಈಗ ಕಡ್ಡಿಗೂ ಗಿರಾಕಿ ಬಂದಿದ್ದಾರೆ.

ಕಸುಬನ್ನು ನಾವು ಹಳಿಯುವುದಿಲ್ಲ. ಒಂದೇ ಕಿಟಕಿ ತೆರೆದು, ಬೆಳಕನ್ನು ಪಕ್ಕದಿಂದ ಬಿಟ್ಟು, ಹಿಂದೆ ಕರಿಬಟ್ಟೆ ಕಟ್ಟಿ, ಕ್ಯಾಮರಾ ಅಲುಗದಂತೆ ಸ್ಟ್ಯಾಂಡಿನ ಮೇಲಿಟ್ಟು ಸೆಕೆಂಡುಗಟ್ಟಲೆ ಬೆಳಕು ಕುಡಿಸಿದರೆ ಒಣ ಎಲೆಯ ನರನರವೂ ಎದ್ದು ಬರುತ್ತದೆ. ಕಲಿಯಬೇಕಾದ ವಿದ್ಯೆಯೇ ಅದು. (ಆ ಬೆಳಕಿಗಾಗಿ ಅವರು ಉಳಿದ ಕಿಟಕಿಗಳಿಗೆ ಪರದೆ ಬಿಡುತ್ತಾರೆ. ನಮ್ಮ ಗುಡಿಸಲಿಗೆ ಇರೋದೇ ಒಂದು ಬಾಗಿಲು!) ಬರ್ಲಿನ್ನಿನಲ್ಲಿ ಕಾರ್ಲ್ ಬ್ಲೋಸ್‌ಫೆಲ್ಟ್ ಎಂಬ ಮೇಷ್ಟ್ರು ಪಾಠಕ್ಕೆಂದು ರಸ್ತೆಬದಿಯ ಕಳೆಗಿಡಗಳನ್ನು ತಂದು, ಹಲವು ಪಟ್ಟು ಹಿಗ್ಗಿಸಿ ಫೋಟೋ ತೆಗೆದ. 1928ರಲ್ಲಿ ಅವು ಪುಸ್ತಕವಾದವು. ಯಾರೂ ಬೇಡವೆಂದ ಕಳೆಗೆ ಕಂಬದ, ಕಮಾನಿನ ಗಾಂಭೀರ್ಯ ಬಂತು. ಅದು ದೊಡ್ಡ ಕೆಲಸವೇ. ಆದರೆ ಆ ಬರೀ ಹಿನ್ನೆಲೆಯಲ್ಲೂ ಮಣ್ಣಿಲ್ಲ, ಕೈಯಿಲ್ಲ.

ಒಣಹುಲ್ಲು ಚಿತ್ರವಾಗುವುದಾದರೆ ಪೊರಕೆ ಯಾಕಾಗಬಾರದು? ಅದೂ ಒಣಗಿದ ಸಸ್ಯವೇ ತಾನೆ? ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ತಾವು ತುಳಿದ ಧೂಳನ್ನು ತಾವೇ ಗುಡಿಸುತ್ತ ಹೋಗಲು ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕಿತ್ತು ಎಂದು ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ಬರೆದರು. ಆ ಪೊರಕೆಗೂ ಒಂದು ವಾತಾವರಣವಿದೆ. ಅದನ್ನು ಕಂಡರೆ ಈ ಕಲಾರಸಿಕರು 'ಫೋಟೋದಲ್ಲಿ ರಾಜಕೀಯ ಯಾಕೆ' ಅಂತಾರೆ. ಕೊಯ್ದ ಕೈಯನ್ನು ಚೌಕಟ್ಟಿನಿಂದ ಆಚೆ ನೂಕಿದ್ದು ರಾಜಕೀಯವಲ್ಲವೇನ್ರಪ್ಪಾ?

ಗೆಳೆಯರೇ, ಈಗ ಕ್ಯಾಮರಾ ನಮ್ಮ ಜೇಬಿನ ಫೋನಿನಲ್ಲೇ ಇದೆ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಮಕ್ಕಳಿಗೆ ಹೇಳಿ: ಬಾಗಿಲ ಬೆಳಕಲ್ಲಿ, ಕರಿಕಂಬಳಿಯ ಮುಂದೆ, ತೊಗರಿ ಕೂಳೆ ಇಡಲಿ. ಪಕ್ಕದಲ್ಲೇ ಅದು ತೂತು ಮಾಡಿದ ಅವ್ವನ ಮೆಟ್ಟು ಇಡಲಿ, ಕುಡುಗೋಲು ಇಡಲಿ. ಕೆಳಗೆ ಹೊಲ ಯಾರದು, ಕೊಯ್ದವರು ಯಾರು, ಕೂಲಿ ಎಷ್ಟು ಕೊಟ್ಟರು ಅಂತ ಬರೀಲಿ.